ಓದುಗರ ಪ್ರಶ್ನೆ, ಆಯುರ್ವೇದ ವೈದ್ಯೆಯ ಉತ್ತರ: ಮುಟ್ಟು, ಅಂಡೋತ್ಪತ್ತಿ, ಮಗುವಿನ ನಿರೀಕ್ಷೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಗುವಿಗಾಗಿ ಕಾಯುತ್ತಿರುವವರದ್ದು. ಹೆಸರು ಬೇಡ ಎಂದು ಎಲ್ಲರೂ ಬರೆದಿದ್ದಾರೆ, ಹಾಗಾಗಿ ಊರಷ್ಟೇ ಕೊಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 27 ವರ್ಷ, ಮದುವೆಯಾಗಿ ಎರಡು ವರ್ಷ. ಎತ್ತರ 5 ಅಡಿ 2 ಅಂಗುಲ, ತೂಕ 71 ಕೆ.ಜಿ. ಮುಟ್ಟು 45 ದಿನಕ್ಕೊಮ್ಮೆ ಆಗುತ್ತೆ, ಒಮ್ಮೊಮ್ಮೆ ಎರಡು ತಿಂಗಳಾದರೂ ಇಲ್ಲ. ಸ್ಕ್ಯಾನಿಂಗ್ ಮಾಡಿ ಅಂಡಾಶಯದಲ್ಲಿ ನೀರ್ಗುಳ್ಳೆ ಇದೆ, ಪಿಸಿಓಡಿ ಅಂದರು. ನಮ್ಮತ್ತೆ ಶತಾವರಿ ಲೇಹ್ಯ ತಂದುಕೊಟ್ಟಿದ್ದಾರೆ. ನಾಲ್ಕು ತಿಂಗಳಿಂದ ಬೆಳಿಗ್ಗೆ ರಾತ್ರಿ ಎರಡೆರಡು ಚಮಚ ಹಾಲಿನ ಜೊತೆ ತಿನ್ನುತ್ತಿದ್ದೇನೆ. ತೂಕ 3 ಕೆ.ಜಿ. ಏರಿದೆ, ಮುಟ್ಟು ಹಾಗೇ ಇದೆ. ಲೇಹ್ಯ ಇನ್ನೂ ಜಾಸ್ತಿ ಮಾಡಬೇಕಾ? (ತರೀಕೆರೆ)

ಉತ್ತರ: ಜಾಸ್ತಿ ಮಾಡಬೇಡಿ, ಸದ್ಯಕ್ಕೆ ನಿಲ್ಲಿಸಿ. ಶತಾವರಿ ಕೆಟ್ಟದ್ದೆಂದು ಹೇಳುತ್ತಿಲ್ಲ. ನಾನು ತುಂಬಾ ನೆಚ್ಚಿಕೊಂಡಿರುವ ಮೂಲಿಕೆಗಳಲ್ಲಿ ಅದೂ ಒಂದು. ಆದರೆ ಅದು ಗುರು, ಸ್ನಿಗ್ಧ, ಶೀತ. ಅಂದರೆ ಜೀರ್ಣಕ್ಕೆ ಭಾರ, ಜಿಡ್ಡು, ತಂಪು. ಒಣಕಲು ಮೈ, ಎರಡೇ ದಿನ ಕಾಣಿಸಿಕೊಂಡು ನಿಂತುಬಿಡುವ ಮುಟ್ಟು, ಮೈಯುರಿ ಇರುವವರಿಗೆ ಅದು ಹೇಳಿ ಮಾಡಿಸಿದ ಔಷಧ. ನಿಮ್ಮ ಪತ್ರದಲ್ಲಿ ನನಗೆ ಕಾಣುವುದು ಕಫ, ಮೇದಸ್ಸು ಹೆಚ್ಚಿರುವ ದೇಹ. ಜೊತೆಗೆ, ಲೇಹ್ಯದ ಡಬ್ಬಿಯ ಮೇಲೆ ಏನೇನು ಹಾಕಿದ್ದಾರೆಂದು ಓದಿ ನೋಡಿ. ಹೆಚ್ಚಿನ ಲೇಹ್ಯಗಳಲ್ಲಿ ಸಕ್ಕರೆಯೋ ಬೆಲ್ಲವೋ ಧಾರಾಳವಾಗಿರುತ್ತದೆ. ದಿನಕ್ಕೆ ನಾಲ್ಕು ಚಮಚದಂತೆ ನಾಲ್ಕು ತಿಂಗಳು ತಿಂದರೆ ತೂಕ ಏರದೆ ಇನ್ನೇನಾದೀತು?

ಗರ್ಭ ನಿಲ್ಲಲು ನಾಲ್ಕು ಕೂಡಿಬರಬೇಕು ಎನ್ನುತ್ತದೆ ಸುಶ್ರುತ ಸಂಹಿತೆ: ಋತು, ಕ್ಷೇತ್ರ, ಅಂಬು, ಬೀಜ. ಬೆಳೆಗೆ ಹದವಾದ ಕಾಲ, ನೆಲ, ನೀರು, ಬಿತ್ತನೆ ಬೀಜ ಹೇಗೋ ಹಾಗೆ. ಕಾಲವೆಂದರೆ ಅಂಡ ಬಿಡುಗಡೆಯಾಗುವ ದಿನಗಳು, ನೆಲವೆಂದರೆ ಗರ್ಭಕೋಶ ಮತ್ತು ಅದರ ನಾಳಗಳು, ನೀರೆಂದರೆ ಪೋಷಣೆ ಕೊಡುವ ರಸಧಾತು, ಬೀಜವೆಂದರೆ ಹೆಣ್ಣಿನದ್ದೂ ಗಂಡಿನದ್ದೂ. ನನ್ನ ಬಳಿ ಬರುವ ಯಾರಿಗೇ ಆಗಲಿ, ಔಷಧ ಬರೆಯುವ ಮೊದಲು ಈ ನಾಲ್ಕರಲ್ಲಿ ಯಾವುದು ಕೊರೆಯಾಗಿದೆ ಎಂದು ನೋಡುತ್ತೇನೆ. ನಿಮ್ಮಲ್ಲಿ ಕಾಣುವ ಕೊರತೆ ಮೊದಲನೆಯದು. ಅಂಡ ತಿಂಗಳು ತಿಂಗಳು ಬಿಡುಗಡೆಯಾಗುತ್ತಿಲ್ಲ. ಸ್ಕ್ಯಾನಿಂಗ್‌ನಲ್ಲಿ 'ನೀರ್ಗುಳ್ಳೆ' ಅಂದರಲ್ಲ, ಅವು ಗಡ್ಡೆಗಳಲ್ಲ. ಅರ್ಧ ಬೆಳೆದು ಅಲ್ಲಿಗೇ ನಿಂತ, ಒಳಗೆ ಅಂಡವಿರುವ ಪುಟ್ಟ ಚೀಲಗಳು. ಅವು ಮುಂದಕ್ಕೆ ಬೆಳೆಯದಿರುವುದಕ್ಕೆ ದೊಡ್ಡ ಕಾರಣ ಇನ್ಸುಲಿನ್ ಏರುಪೇರು ಮತ್ತು ಅದರಿಂದ ಹೆಚ್ಚುವ ಪುರುಷ ಹಾರ್ಮೋನು. ಇದನ್ನೇ ನಾವು ಆಯುರ್ವೇದದವರು ಅಗ್ನಿಮಾಂದ್ಯ (ಜೀರ್ಣಶಕ್ತಿ ಕುಂದುವುದು), ಕಫದಿಂದ ಆರ್ತವವಹ ಸ್ರೋತಸ್ಸು (ಮುಟ್ಟಿನ ದಾರಿ) ಕಟ್ಟಿಕೊಳ್ಳುವುದು, ಅಪಾನವಾಯುವಿನ (ಕೆಳಮುಖವಾಗಿ ಸಾಗುವ ವಾಯುವಿನ) ದಾರಿಗೆ ಅಡ್ಡಿ ಎಂದು ಓದಿಕೊಂಡವರು. ಕಟ್ಟಿಕೊಂಡ ಕಡೆ ಮತ್ತಷ್ಟು ಜಿಡ್ಡು ತುಂಬಬಾರದು.

ಹಾಗಾಗಿ ನಿಮ್ಮ ಮೊದಲ ಚಿಕಿತ್ಸೆ ಅಡುಗೆಮನೆಯಲ್ಲಿದೆ. ರಾತ್ರಿಯೂಟ ಎಂಟು ಗಂಟೆಯೊಳಗೆ ಮುಗಿಯಲಿ. ವಾರಕ್ಕೆ ಮೂರ್ನಾಲ್ಕು ದಿನ ಹುರುಳಿ ಕಟ್ಟಿನ ಸಾರು ಮಾಡಿ. ನಿಮ್ಮ ಕಡೆ ಅದು ಹೊಸದೇನಲ್ಲ. ಅನ್ನ ಅರ್ಧಕ್ಕಿಳಿಸಿ, ಜವೆಗೋಧಿಯೋ ರಾಗಿಯೋ ಸೇರಿಸಿ. ಹಗಲು ನಿದ್ದೆ, ರಾತ್ರಿ ಮೊಸರು, ಬೇಕರಿ ತಿಂಡಿ ಬಿಡಿ. ದಿನಕ್ಕೆ 40 ನಿಮಿಷ ಬೆವರು ಬರುವಂತೆ ನಡೆಯಿರಿ. ಇರುವ ತೂಕದಲ್ಲಿ ನೂರಕ್ಕೆ 5ರಿಂದ 10ರಷ್ಟು ಇಳಿದರೆ ಎಷ್ಟೋ ಹೆಂಗಸರಲ್ಲಿ ಅಂಡೋತ್ಪತ್ತಿ ತಾನಾಗಿ ಮರಳುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ಮೂರೂವರೆಯಿಂದ ಏಳು ಕೆ.ಜಿ. ಅಷ್ಟೇ. ತೆಳ್ಳಗಾಗಬೇಕೆಂದು ಉಪವಾಸ ಬೀಳಬೇಡಿ, ಅದರಿಂದಲೂ ಮುಟ್ಟು ತಪ್ಪುತ್ತದೆ.

ಔಷಧದಲ್ಲಿ ನಿಮ್ಮಂಥವರಿಗೆ ನಾವು ಕಾಂಚನಾರ ಗುಗ್ಗುಲು, ವರುಣಾದಿ ಕಷಾಯ ಯೋಚಿಸುತ್ತೇವೆ. ದೇಹಬಲ ನೋಡಿಕೊಂಡು ವಮನವೋ (ಔಷಧ ಕೊಟ್ಟು ವಾಂತಿ) ವಿರೇಚನವೋ (ಔಷಧ ಕೊಟ್ಟು ಭೇದಿ) ಮಾಡಿಸುತ್ತೇವೆ. ಸಬ್ಬಸಿಗೆ ಬೀಜವೂ ಇದಕ್ಕೆ ಒಗ್ಗುತ್ತದೆ. ಕಾಶ್ಯಪ ಸಂಹಿತೆಯ ಕಲ್ಪಸ್ಥಾನದಲ್ಲಿ ಸಬ್ಬಸಿಗೆ ಮತ್ತು ಶತಾವರಿಗೆಂದೇ ಒಂದು ಅಧ್ಯಾಯವಿದೆ. ಇವನ್ನೆಲ್ಲ ಪತ್ರಿಕೆ ನೋಡಿ ಕೊಂಡು ತಿನ್ನಬೇಡಿ, ನಾಡಿ ಹೊಟ್ಟೆ ಮುಟ್ಟಿ ನೋಡಿದ ವೈದ್ಯರಿಂದಲೇ ಬರೆಸಿಕೊಳ್ಳಿ. ಇನ್ನೊಂದು ಮಾತನ್ನು ಮುಚ್ಚಿಡಬಾರದು: ಅಂಡೋತ್ಪತ್ತಿಗೆಂದು ಅಲೋಪಥಿಯವರು ಕೊಡುವ ಲೆಟ್ರೋಜೋಲ್ ಮಾತ್ರೆಗೆ ಇರುವಷ್ಟು ದೊಡ್ಡ ಪ್ರಯೋಗಗಳ ಬೆಂಬಲ ನಮ್ಮ ಈ ಔಷಧಗಳಿಗೆ ಇನ್ನೂ ಇಲ್ಲ. ಇದನ್ನು ತಿಳಿದೇ ನೀವು ಆರಿಸಿಕೊಳ್ಳಬೇಕು. ಆಹಾರ, ನಡಿಗೆ, ಔಷಧವೆಂದು ಮೂರರಿಂದ ಆರು ತಿಂಗಳು ಶ್ರದ್ಧೆಯಿಂದ ಮಾಡಿಯೂ ಮುಟ್ಟು ಹದಕ್ಕೆ ಬರದಿದ್ದರೆ ಆ ಮಾತ್ರೆ ತೆಗೆದುಕೊಳ್ಳಲು ನಾನೇ ಹೇಳುತ್ತೇನೆ.

ಎರಡು ಎಚ್ಚರಿಕೆ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ರಕ್ತದ ಸಕ್ಕರೆ ಪರೀಕ್ಷೆ ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ಮೂರು ತಿಂಗಳು ಮುಟ್ಟೇ ಬಾರದಿದ್ದರೆ ಸುಮ್ಮನಿರಬೇಡಿ, ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ಆದರೆ ಅಂಗಡಿಯಲ್ಲಿ 'ಮುಟ್ಟು ಬರಿಸುವ ಗುಳಿಗೆ' ಕೇಳಿ ನುಂಗುವ ಮೊದಲು ಗರ್ಭಪರೀಕ್ಷೆ ಮಾಡಿಕೊಳ್ಳಲೇಬೇಕು. ತಡವಾಗಿ ಅಂಡ ಬಿಡುಗಡೆಯಾಗಿ ನೀವು ಬಸುರಿಯೇ ಆಗಿರಬಹುದು.

ಪ್ರಶ್ನೆ: ನಮ್ಮ ತೋಟದ ಬೇಲಿಯಲ್ಲಿ ಶತಾವರಿ ಬಳ್ಳಿ ಹಬ್ಬಿದೆ. ನಾವು ಮಜ್ಜಿಗೆ ಬೇರು ಅನ್ನುತ್ತೇವೆ. ನನಗೆ 29, ತೂಕ 43 ಕೆ.ಜಿ. ಮುಟ್ಟು 30 ದಿನಕ್ಕೆ ಸರಿಯಾಗಿ ಬರುತ್ತೆ, ಆದರೆ ಒಂದೂವರೆ ದಿನ ಮಾತ್ರ, ಅದೂ ಕಲೆಯಷ್ಟು. ಬೇರು ಕಿತ್ತು ಬಳಸಬಹುದಾ? ಹೇಗೆ? (ಶಿರಸಿ ಹತ್ತಿರದ ಹಳ್ಳಿ)

ಉತ್ತರ: ನಿಮಗೆ ಶತಾವರಿ ಒಪ್ಪುತ್ತದೆ. ಆರ್ತವ, ಅಂದರೆ ಮುಟ್ಟಿನ ರಕ್ತ, ರಸಧಾತುವಿನಿಂದ ಹುಟ್ಟುವ ಉಪಧಾತು. ರಸವೇ ಸೊರಗಿದಾಗ ಮುಟ್ಟೂ ಸೊರಗುತ್ತದೆ.

ಮಳೆ ನಿಂತು ನೆಲ ಸ್ವಲ್ಪ ಆರಿದ ಮೇಲೆ ಅಗೆಯಿರಿ. ಬುಡದಲ್ಲಿ ಬೆರಳುಗಾತ್ರದ ಬಿಳಿ ಬೇರುಗಳು ಗೊಂಚಲಾಗಿರುತ್ತವೆ. ಗೊಂಚಲನ್ನು ಪೂರ್ತಿ ಕೀಳದೆ ಒಂದು ಪಕ್ಕದಿಂದ ತೆಗೆದುಕೊಂಡು ಮಣ್ಣು ಮುಚ್ಚಿದರೆ ಬಳ್ಳಿ ಉಳಿಯುತ್ತದೆ. ಬಳ್ಳಿಯ ಮುಳ್ಳು ಜೋಕೆ. ತೊಳೆದ ಬೇರಿನ ಮೇಲಿನ ತೆಳು ಸಿಪ್ಪೆ ಉಗುರಿನಲ್ಲೇ ಬಿಡಿಸಬಹುದು. ಆಮೇಲೆ ಉದ್ದಕ್ಕೆ ಸೀಳಿ ನಡುವಿನ ಗಟ್ಟಿ ನಾರನ್ನು ಎಳೆದುಹಾಕಿ. ಹೆಚ್ಚಿನವರು ಈ ಕೆಲಸ ಬಿಟ್ಟುಬಿಡುತ್ತಾರೆ. ಉಳಿಯುವುದು ಅರೆಪಾರದರ್ಶಕವಾದ, ಕೈಗೆ ಅಂಟುವ ತಿರುಳು. ಸಿಹಿಯ ಹಿಂದೆಯೇ ಸಣ್ಣ ಕಹಿ ಇರುತ್ತದೆ.

ಈ ತಿರುಳು 10 ಗ್ರಾಂ ಜಜ್ಜಿ, 80 ಮಿ.ಲೀ. ಹಾಲು, 320 ಮಿ.ಲೀ. ನೀರು ಸೇರಿಸಿ ಸಣ್ಣ ಉರಿಯಲ್ಲಿ ಇಡಿ. ಮದ್ದು ಒಂದು ಪಾಲಾದರೆ ಹಾಲು ಎಂಟು, ನೀರು ಮೂವತ್ತೆರಡು: ಶಾಸ್ತ್ರ ಹೇಳುವ ಕ್ಷೀರಪಾಕದ ಅಳತೆ ಇದು. ನೀರೆಲ್ಲ ಇಂಗಿ ಹಾಲಷ್ಟೇ ಉಳಿಯಬೇಕು. ತಳ ಹಿಡಿಯದಂತೆ ಕೈಯಾಡಿಸುತ್ತಿರಿ. ಸೋಸಿ, ಬೆಳಿಗ್ಗೆ ಹೊಟ್ಟೆ ಹಸಿದಾಗ ಕುಡಿಯಿರಿ. ಮುಂದಿನ ತಿಂಡಿ ಮತ್ತೆ ಹಸಿವಾದ ಮೇಲೆ. ಹೊಟ್ಟೆ ಉಬ್ಬರಿಸಿದರೆ ಚಿಟಿಕೆ ಶುಂಠಿ ಹಾಕಿ. ಹಾಗೂ ಆಗದಿದ್ದರೆ ನಿಲ್ಲಿಸಿ, ಅಗ್ನಿ ಸರಿಮಾಡಿಕೊಂಡ ಮೇಲೆ ಮುಂದುವರಿಸೋಣ. ಅಂಡವೊಂದು ಬೆಳೆದು ಹಣ್ಣಾಗಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ, ಹದಿನೈದೇ ದಿನಕ್ಕೆ ಫಲ ಹುಡುಕಬೇಡಿ. ಮೈಗೆ ಎಳ್ಳೆಣ್ಣೆ ಹಚ್ಚಿ ಬಿಸಿನೀರು ಎರೆದುಕೊಳ್ಳುವುದು, ಊಟಕ್ಕೆ ತುಪ್ಪ, ಎಳ್ಳು ಬೆಲ್ಲದ ಉಂಡೆ ಇವೂ ನಿಮಗೆ ಹಿತ.

ಆದರೆ ಒಂದು ಸಂಗತಿ ಕೇಳಲೇಬೇಕು. ಮುಟ್ಟು ಮೊದಲಿನಿಂದಲೂ ಇಷ್ಟೇ ಇತ್ತೋ, ಇತ್ತೀಚೆಗೆ ಕಡಿಮೆಯಾಯಿತೋ? ಇತ್ತೀಚೆಗೆ ಕಡಿಮೆಯಾಗಿದ್ದು, ಜೊತೆಗೆ ತೂಕ ಇಳಿದಿದ್ದರೆ, ಸಂಜೆ ಮೈ ಬೆಚ್ಚಗಾಗುತ್ತಿದ್ದರೆ, ಮನೆಯಲ್ಲಿ ಯಾರಿಗಾದರೂ ಟಿ.ಬಿ. ಆಗಿದ್ದರೆ, ಬೇರು ಅಗೆಯುವ ಮೊದಲು ಸ್ತ್ರೀರೋಗ ತಜ್ಞರ ಬಳಿ ಹೋಗಿ. ಗರ್ಭಕೋಶ, ನಾಳಗಳಿಗೆ ತಗಲುವ ಟಿ.ಬಿ. ಕೆಮ್ಮು ಕಫ ಏನೂ ಇಲ್ಲದೆ ಇರಬಲ್ಲದು. ನಮ್ಮ ದೇಶದಲ್ಲಿ ನಾಳ ಕಟ್ಟಿಕೊಳ್ಳಲು ಅದು ಮುಖ್ಯ ಕಾರಣಗಳಲ್ಲೊಂದು. ಅದಕ್ಕೆ ಟಿ.ಬಿ. ಮಾತ್ರೆಯೇ ಔಷಧ, ಶತಾವರಿ ಅಲ್ಲ. ಹಿಂದೆ ಗರ್ಭಕೋಶ ಕ್ಲೀನಿಂಗ್ ಮಾಡಿಸಿದ ಮೇಲೆ ಮುಟ್ಟು ಕಡಿಮೆಯಾಗಿದ್ದರೂ ಹಾಗೆಯೇ, ಒಳಗೆ ಅಂಟಿಕೊಂಡಿದೆಯೇ ಎಂದು ನೋಡಿಸಬೇಕು.

ಪ್ರಶ್ನೆ: ನನ್ನ ಋತುಚಕ್ರ 35 ದಿನದ್ದು. 14ನೇ ದಿನ ತಪ್ಪಿಸಬಾರದು ಅಂತ ಎಲ್ಲರೂ ಹೇಳ್ತಾರೆ, ತಪ್ಪಿಸಿಲ್ಲ. ಒಂದು ವರ್ಷವಾಯಿತು. ಅಂಡ ಬಿಡುಗಡೆಯಾಗುವುದು ಮನೆಯಲ್ಲೇ ಗೊತ್ತಾಗುವುದು ಹೇಗೆ? (ಹುಬ್ಬಳ್ಳಿ)

ಉತ್ತರ: ಹದಿನಾಲ್ಕು ಎಂಬುದು 28 ದಿನದ ಚಕ್ರದವರ ಲೆಕ್ಕ. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು, ಹಾಗಾಗಿ ಹಿಂದಿನಿಂದ ಎಣಿಸಬೇಕು. ನಿಮ್ಮಲ್ಲಿ ಅದು 21ನೇ ದಿನದ ಆಸುಪಾಸು. ಅಂಡ ಬದುಕಿರುವುದು ಹೆಚ್ಚೆಂದರೆ ಒಂದು ದಿನ, ವೀರ್ಯಾಣು ಐದು ದಿನದವರೆಗೂ ಇರಬಲ್ಲದು. ಆದ್ದರಿಂದ ನಿಮ್ಮ ಹದದ ಕಾಲ 16ರಿಂದ 21. ಈ ಒಂದು ವರ್ಷ ನೀವು ತಪ್ಪಿಸದ ದಿನ ಹದ ಬರುವ ಮೊದಲೇ ಮುಗಿದುಹೋಗುತ್ತಿತ್ತು. 14ನೇ ದಿನದಿಂದ 22ರವರೆಗೆ ದಿನ ಬಿಟ್ಟು ದಿನ ಸೇರಿದರೆ ಸಾಕು, ಗಡಿಯಾರ ನೋಡಬೇಕಾಗಿಲ್ಲ. ಸುಶ್ರುತ ಸಂಹಿತೆ ಋತುಕಾಲವನ್ನು 12 ರಾತ್ರಿ ಎಂದಿದೆ. ನಿಮ್ಮಂತೆ ಉದ್ದ ಚಕ್ರ ಇರುವವರು ಅದನ್ನೂ ಮುಟ್ಟಿನ ಮೊದಲ ದಿನದಿಂದ ಕಣ್ಣುಮುಚ್ಚಿ ಎಣಿಸಬಾರದು.

ಗುರುತುಗಳು: ಆ ದಿನಗಳಲ್ಲಿ ಬಿಳಿಸೆರಗು ತಿಳಿಯಾಗಿ, ಜಾರುವಂತೆ, ಎರಡು ಬೆರಳ ನಡುವೆ ಎಳೆದರೆ ತುಂಡಾಗದೆ ಉದ್ದಕ್ಕೆ ಬರುತ್ತದೆ. ಅದು ರೋಗವಲ್ಲ, ಅದಕ್ಕೆ ಔಷಧ ಕೇಳಿಕೊಂಡು ಬರುವವರಿದ್ದಾರೆ. ಕೆಲವರಿಗೆ ಕಿಬ್ಬೊಟ್ಟೆಯ ಒಂದು ಪಕ್ಕ ಚುಳುಕ್ ಎನ್ನುತ್ತದೆ. ಅಂಡ ಬಿಡುಗಡೆಯಾದ ಮೇಲೆ ಮೈಬಿಸಿ ಅರ್ಧ ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಏರಿ ಮುಟ್ಟಿನವರೆಗೂ ಹಾಗೇ ಇರುತ್ತದೆ. ಎದ್ದ ಕೂಡಲೇ, ಹಾಸಿಗೆ ಬಿಡುವ ಮೊದಲೇ ಡಿಜಿಟಲ್ ಥರ್ಮಾಮೀಟರಿನಲ್ಲಿ ನೋಡಿ ಕ್ಯಾಲೆಂಡರಿನ ಮೇಲೆ ಬರೆದಿಡಿ. ಎರಡು ಮೂರು ತಿಂಗಳ ಆ ಬರಹ ವೈದ್ಯರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಅಂಡೋತ್ಪತ್ತಿ ಕಿಟ್ ಕೂಡ ಬಳಸಬಹುದು, ಆದರೆ ಪಿಸಿಓಡಿ ಇದ್ದವರಲ್ಲಿ ಅದು ಸುಳ್ಳು ಗೆರೆ ತೋರಿಸುವುದುಂಟು. ಒಂದು ವರ್ಷ ಆಗಿರುವುದರಿಂದ ಇಬ್ಬರ ಪರೀಕ್ಷೆಯನ್ನೂ ಈಗಲೇ ಶುರುಮಾಡಿಸಿ.

ಪ್ರಶ್ನೆ: ಮುಟ್ಟಿನ ಯಾವ ತೊಂದರೆಗೂ ಅಶೋಕಾರಿಷ್ಟ ಒಳ್ಳೆಯದಂತೆ. ಗರ್ಭ ನಿಲ್ಲಲು ಕುಡಿಯಬಹುದಾ? ನಮ್ಮ ಶಾಲೆಯ ಮುಂದಿರುವ ಅಶೋಕ ಮರದ ತೊಗಟೆಯೂ ಆಗುತ್ತಾ? (ಮಂಡ್ಯ)

ಉತ್ತರ: ಅಶೋಕ ಹೆಚ್ಚು ರಕ್ತಸ್ರಾವ ಆಗುವವರಿಗೆ. ಮುಟ್ಟು ತಡವಾಗುವವರಿಗೆ, ಅಂಡ ಬಿಡುಗಡೆಯಾಗದವರಿಗೆ ಅದು ಮೊದಲ ಆಯ್ಕೆಯಲ್ಲ. ಶಾಲೆ ಮುಂದೆ ಕಂಬದಂತೆ ನೆಟ್ಟಗೆ ಬೆಳೆದಿರುವುದು ಅಶೋಕವೇ ಅಲ್ಲ, ಬೇರೆ ಜಾತಿಯ ಮರ. ನಿಜವಾದ ಅಶೋಕ ಕಿತ್ತಳೆ ಕೆಂಪು ಹೂವಿನ ಗೊಂಚಲು ಬಿಡುತ್ತದೆ. ನಮ್ಮ ಪಶ್ಚಿಮಘಟ್ಟದಲ್ಲೂ ಅದು ಅಪರೂಪವಾಗುತ್ತಿದೆ, ತೊಗಟೆ ಕೀಳುವವರಿಂದಲೇ. ಎರಡರ ತೊಗಟೆಯನ್ನೂ ಮುಟ್ಟಬೇಡಿ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಮೊದಲ ಮಗು ಹೆಣ್ಣು. ಎರಡನೆಯದಕ್ಕೆ ಅಮ್ಮ ಊರಿನಿಂದ ಒಂದು ಪುಡಿ, ಕಪ್ಪು ಗುಳಿಗೆ ಕಳಿಸಿದ್ದಾರೆ. ಅಂಡವೂ ಬೆಳೆಯುತ್ತೆ, ಗಂಡೇ ಹುಟ್ಟುತ್ತೆ ಅಂತ ಕೊಟ್ಟವರು ಹೇಳಿದ್ದಾರಂತೆ. ಪೊಟ್ಟಣದ ಮೇಲೆ ಏನೂ ಬರೆದಿಲ್ಲ. ಎರಡು ತಿಂಗಳು ತೆಗೆದುಕೊಂಡೆ. ಗಿಡಮೂಲಿಕೆ ತಾನೇ, ತೊಂದರೆ ಇಲ್ಲ ಅಲ್ವಾ?

ಉತ್ತರ: ಇಂದೇ ನಿಲ್ಲಿಸಿ. ಪೊಟ್ಟಣ ಎಸೆಯದೆ ನಿಮ್ಮ ವೈದ್ಯರಿಗೆ ತೋರಿಸಿ, ರಕ್ತದಲ್ಲಿ ಸೀಸದ ಅಂಶ ಪರೀಕ್ಷೆ ಮಾಡಲು ಹೇಳಿ. ನಿಮ್ಮ ಪಕ್ಕದ ನ್ಯೂಯಾರ್ಕ್ ನಗರದಲ್ಲೇ 2011–12ರಲ್ಲಿ, ಭಾರತದಿಂದ ಬಂದ ಇಂಥ ಔಷಧ ತಿಂದ ಆರು ಮಂದಿ ಗರ್ಭಿಣಿಯರ ರಕ್ತದಲ್ಲಿ ಸೀಸ ಸಿಕ್ಕಿತ್ತು. ಅಲ್ಲಿನ ರೋಗ ನಿಯಂತ್ರಣ ಕೇಂದ್ರವೇ ಅದನ್ನು 2012ರಲ್ಲಿ ವರದಿ ಮಾಡಿದೆ. ಸೀಸ ಮೂಳೆಯಲ್ಲಿ ಕೂತು, ಬಸಿರಿನಲ್ಲಿ ಹೊರಗೆ ಬಂದು, ಮಾಸು ದಾಟಿ ಮಗುವಿನ ಮಿದುಳಿಗೆ ಹೋಗುತ್ತದೆ. ಪರೀಕ್ಷೆಯ ಫಲ ಬರುವವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಿ.

ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಬ್ಯಾಚು, ಒಳಗೇನಿದೆ ಎಂಬ ಪಟ್ಟಿ ಇಲ್ಲದ ಯಾವ ಗುಳಿಗೆಯೂ ಗರ್ಭಕ್ಕೆ ಕಾಯುವ ಹೆಣ್ಣಿನ ಬಾಯಿಗೆ ಹೋಗಬಾರದು. ಲೋಹ, ಪಾದರಸ ಸೇರುವ ಭಸ್ಮ, ರಸೌಷಧಗಳನ್ನು ಈ ಕಾಲದಲ್ಲಿ ನಾನು ಬರೆಯುವುದೇ ಇಲ್ಲ. 'ಬಂಜೆತನಕ್ಕೆ ಖಚಿತ ಔಷಧ' ಎಂದು ಜಾಹೀರಾತು ಕೊಡುವುದನ್ನೇ ಭಾರತದ 1954ರ ಕಾಯ್ದೆ ನಿಷೇಧಿಸಿದೆ.

ಇನ್ನು ಗಂಡು ಮಗುವಿನ ಮಾತು. ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ವೀರ್ಯಾಣುವಿನಿಂದ, ಅಂಡಕ್ಕೆ ಅದು ಸೇರಿದ ಗಳಿಗೆಯಲ್ಲೇ ಗೊತ್ತಾಗಿಹೋಗಿರುತ್ತದೆ. ಯಾವ ಪುಡಿಯೂ ಅದನ್ನು ಬದಲಿಸದು. ಹಳೆಯ ಗ್ರಂಥಗಳಲ್ಲಿ ಗಂಡು ಮಗುವಿಗೆಂದು ಮಾಡುವ ಪುಂಸವನ ಇದೆಯಲ್ಲ ಎನ್ನುತ್ತಾರೆ. ಇದೆ, ನಾನೂ ಓದಿದ್ದೇನೆ, ಮಾಡುವುದಿಲ್ಲ. ನಮ್ಮ ದೇಶದಲ್ಲಿ ಗರ್ಭ ನಿಲ್ಲುವ ಮೊದಲಾಗಲಿ ನಂತರವಾಗಲಿ ಲಿಂಗ ಆಯ್ಕೆ ಅಪರಾಧ. ನಿಮ್ಮ ಅಮ್ಮನಿಗೆ ಈ ಅಂಕಣ ಓದಿ ಹೇಳಿ. ಅವರ ಮೇಲೆ ಸಿಟ್ಟು ಮಾಡಬೇಡಿ. ಮೊಮ್ಮಗಳಿಗೆ ತಮ್ಮನೋ ತಂಗಿಯೋ ಆರೋಗ್ಯವಾಗಿ ಬರಲಿ ಎಂದೇ ಅವರೂ ಬಯಸುವುದು.

ಪ್ರಶ್ನೆ: ನನಗೆ 38. ಎಎಂಎಚ್ ಕಡಿಮೆ ಬಂದಿದೆ, ಐವಿಎಫ್‌ಗೆ (ಪ್ರನಾಳ ಶಿಶು ಚಿಕಿತ್ಸೆಗೆ) ಹೇಳಿದ್ದಾರೆ. ಅದಕ್ಕೂ ಮೊದಲು ಒಂದು ವರ್ಷ ಪಂಚಕರ್ಮ, ಫಲಘೃತ (ಔಷಧದ ತುಪ್ಪ) ಮಾಡಿದರೆ ಅಂಡಗಳು ಹೆಚ್ಚಾಗುತ್ತವೆ ಎಂದು ಒಬ್ಬರು ಭರವಸೆ ಕೊಟ್ಟಿದ್ದಾರೆ. ಯಾವುದೇ ಮದುವೆ ಮುಂಜಿಗೆ ಹೋದರೂ 'ಏನಾದ್ರೂ ವಿಶೇಷನಾ?' ಅಂತ ಕೇಳ್ತಾರೆ. ಟೆನ್ಷನ್ ಬಿಡು, ತಾನಾಗೇ ಆಗುತ್ತೆ ಅಂತಾರೆ. (ಬೆಂಗಳೂರು)

ಉತ್ತರ: ಒಂದು ವರ್ಷ ಕೊಡಬೇಡಿ. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರ್ನಾಲ್ಕು ಲಕ್ಷ. ಅಲ್ಲಿಂದ ಇಳಿಯುವುದೇ ಹೊರತು ಏರುವುದಿಲ್ಲ. ಹೊಸ ಅಂಡ ಹುಟ್ಟಿಸುವ ಔಷಧ ಯಾವ ಪದ್ಧತಿಯಲ್ಲೂ ಇಲ್ಲ. 35 ದಾಟಿದವರು ಆರು ತಿಂಗಳ ಮೇಲೆ ಕಾಯಬಾರದು. 38ರಲ್ಲಿ ನಾನಾದರೆ ತಜ್ಞರ ದಿನಾಂಕವನ್ನು ಮೊದಲು ಗೊತ್ತುಮಾಡಿಕೊಳ್ಳಿ ಎನ್ನುತ್ತೇನೆ. ಎಎಂಎಚ್ ಕಡಿಮೆ ಎಂದರೆ ಎಲ್ಲ ಮುಗಿಯಿತೆಂದೂ ಅಲ್ಲ. ಅದು ಉಳಿದಿರುವ ಅಂಡಗಳ ಸಂಖ್ಯೆಯ ಅಂದಾಜು ಕೊಡುತ್ತದೆ, ಗುಣವನ್ನು ಹೇಳುವುದಿಲ್ಲ.

ಆ ದಿನಾಂಕದವರೆಗೆ ಸಿಗುವ ಕಾಲವನ್ನು ಆಯುರ್ವೇದಕ್ಕೆ ಕೊಡಿ: ಅಭ್ಯಂಗ (ಎಣ್ಣೆ ಹಚ್ಚಿ ತಿಕ್ಕುವುದು), ನಿಮ್ಮ ದೇಹಕ್ಕೆ ಒಪ್ಪಿದರೆ ಬಸ್ತಿ (ಎನಿಮಾದಂತೆ ಕೊಡುವ ಔಷಧ), ಜೀರ್ಣವಾಗುವಷ್ಟು ಫಲಘೃತ, ಹೊತ್ತಿಗೆ ಸರಿಯಾಗಿ ಊಟ ನಿದ್ದೆ. ಜೊತೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಐವಿಎಫ್ ಇಂಜೆಕ್ಷನ್ ಶುರುವಾದ ದಿನದಿಂದ ಶೋಧನ (ವಮನ, ವಿರೇಚನದಂಥ ಶುದ್ಧಿ ಚಿಕಿತ್ಸೆ) ಬೇಡ, ಹೊಸ ಕಷಾಯವೂ ಬೇಡ. ಏನೇನು ತೆಗೆದುಕೊಂಡಿದ್ದೀರಿ ಎಂದು ಇಬ್ಬರು ವೈದ್ಯರಿಗೂ ಬರೆದುಕೊಡಿ. ಥೈರಾಯ್ಡ್ ಮಾತ್ರೆ ಇದ್ದರೆ ಖಾಲಿ ಹೊಟ್ಟೆಯಲ್ಲಿ ಅದೊಂದನ್ನೇ ನೀರಿನಲ್ಲಿ ನುಂಗಿ. ಕಷಾಯ, ತುಪ್ಪ ಕನಿಷ್ಠ ಒಂದು ಗಂಟೆ ಆಮೇಲೆ. ಕಬ್ಬಿಣ, ಕ್ಯಾಲ್ಸಿಯಂ ನಾಲ್ಕು ಗಂಟೆ ಆಮೇಲೆ.

ಗರ್ಭಧಾರಣೆಗೆ ನೆರವಾಗುವುದರಲ್ಲಿ ಸೌಮನಸ್ಯವೇ ಶ್ರೇಷ್ಠ ಎಂದು ಚರಕ ಸಂಹಿತೆ ಹೇಳುತ್ತದೆ. ಇದನ್ನು ಹಿಡಿದುಕೊಂಡು 'ನೀನು ಟೆನ್ಷನ್ ಮಾಡಿಕೊಂಡಿದ್ದಕ್ಕೇ ಆಗಲಿಲ್ಲ' ಎನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮನಸ್ಸು ಹಗುರವಾಗಿಡುವ ಹೊಣೆ ಅವಳೊಬ್ಬಳದ್ದಲ್ಲ, ಸುತ್ತಲಿರುವವರದ್ದು. ನಿಮಗೆ ಬೇಡವೆನಿಸಿದ ಸಮಾರಂಭಕ್ಕೆ ಹೋಗಬೇಡಿ. ಕೇಳಿದವರಿಗೆ ಉತ್ತರ ಹೇಳುವುದು ನಿಮ್ಮ ಯಜಮಾನರ ಕೆಲಸವಾಗಲಿ.

ಪ್ರಶ್ನೆ: ನನ್ನ ಹೆಂಡತಿ ಮೂರು ವರ್ಷದಿಂದ ನಾಲ್ಕು ಕಡೆ ಔಷಧ ಮಾಡಿದ್ದಾಳೆ. ಈಗಿನ ಡಾಕ್ಟರು ನನ್ನ ವೀರ್ಯ ಪರೀಕ್ಷೆ ಕೇಳುತ್ತಿದ್ದಾರೆ. ನನಗೆ ಯಾವ ತೊಂದರೆಯೂ ಇಲ್ಲ. ಮಾಡಿಸಲೇಬೇಕಾ? (ವಿಜಯಪುರ)

ಉತ್ತರ: ಮೂರು ವರ್ಷದ ಹಿಂದೆಯೇ, ಅವರ ಮೊದಲ ಮಾತ್ರೆಗೂ ಮುಂಚೆ ಮಾಡಿಸಬೇಕಿತ್ತು. ದಾಂಪತ್ಯದಲ್ಲಿ ತೊಂದರೆ ಇಲ್ಲದಿರುವುದಕ್ಕೂ ವೀರ್ಯಾಣುಗಳ ಸಂಖ್ಯೆ ಚಲನೆಗೂ ಸಂಬಂಧವಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಎರಡರಿಂದ ಏಳು ದಿನ ಸೇರದೆ ಇದ್ದು ಮಾದರಿ ಕೊಡಬೇಕು. ನೋವಿಲ್ಲ, ಖರ್ಚೂ ಕಡಿಮೆ. ವರದಿಯಲ್ಲಿ ಕೊರತೆ ಕಂಡರೆ ಅಲ್ಲಿಗೇ ಎದೆಗುಂದಬೇಡಿ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು. ಗುಟ್ಕಾ, ಸಿಗರೇಟು, ಜಿಮ್‌ನಲ್ಲಿ ಚುಚ್ಚಿಸಿಕೊಳ್ಳುವ ಹಾರ್ಮೋನು ಇದ್ದರೆ ಇವತ್ತೇ ಬಿಡಿ. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ಬಿಟ್ಟದ್ದರ ಫಲ ಮೂರು ತಿಂಗಳ ಮೇಲೆ ಕಾಣುತ್ತದೆ. ವರದಿ ಬರುವವರೆಗೆ ನಿಮ್ಮ ಮನೆಯವರಿಗೆ ಐದನೆಯ ಕಡೆಯ ಹೊಸ ಔಷಧ ಶುರುಮಾಡಿಸಬೇಡಿ. ಬಂದ ಮೇಲೆ ಹಳೆಯ ಚೀಟಿಗಳನ್ನೆಲ್ಲ ಹಿಡಿದುಕೊಂಡು ಇಬ್ಬರೂ ಒಟ್ಟಿಗೆ ವೈದ್ಯರ ಮುಂದೆ ಕೂತುಕೊಳ್ಳಿ.